ಪಂಕ್ತಿ ಫೋಟೋ ಇದೆಯಾ?

ಅಕ್ಕನ ಮದುವೆ ಆಲ್ಬಂ ನಮ್ಮನೆ ಕಪಾಟಿನಲ್ಲಿದೆ. ಮಗು ಎತ್ತಿಕೊಂಡ ಹಾಗೆ ಎರಡೂ ಕೈ ಹಾಕಿ ಎತ್ತಬೇಕು, ಅಷ್ಟು ಭಾರ. ಮದುವೆ ಆಗಿದ್ದು 2013ರಲ್ಲಿ, ಸಾಗರದಲ್ಲಿ. ಆದರೆ ಆಲ್ಬಂ ನೋಡಿದವರು ಹಾಗಂದುಕೊಳ್ಳುವುದಿಲ್ಲ. ಅಕ್ಕ-ಭಾವ ಒಂದು ಹಾಳೆಯಲ್ಲಿ ಹಿಮದ ಬೆಟ್ಟದ ಮೇಲಿದ್ದಾರೆ, ಇನ್ನೊಂದರಲ್ಲಿ ದೊಡ್ಡ ಗುಲಾಬಿ ಹೂವಿನೊಳಗೆ, ಮತ್ತೊಂದರಲ್ಲಿ ಎರಡು ಹಂಸಗಳ ನಡುವೆ. ಅಕ್ಕನನ್ನಂತೂ ಎಷ್ಟು ಬೆಳ್ಳಗೆ ಮಾಡಿದ್ದಾರೆ ಅಂದರೆ, ಅವಳ ಮಗನೇ ಒಂದು ಸಲ "ಇವರ್ಯಾರು?" ಅಂತ ಕೇಳಿದ್ದ.

ಅಂತರಪಟ ಸರಿದ ಗಳಿಗೆಯ ಫೋಟೋ ಒಂದೂ ಇಲ್ಲ. ಆ ಜಾಗದಲ್ಲಿ ಇರುವುದು ವಿಡಿಯೋದವರ ಬೆನ್ನು. ನೀಲಿ ಚೌಕಳಿ ಶರ್ಟು. ನಮ್ಮನೆಯಲ್ಲಿ ಎಲ್ಲರಿಗೂ ಆ ಶರ್ಟು ಬಾಯಿಪಾಠ.

ನಾನು ತೆರೆದು ನೋಡುವುದು ಒಂದೇ ಹಾಳೆ, ಕೊನೆಯದಕ್ಕಿಂತ ಒಂದು ಮುಂಚಿನದು. ಅದರ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಫೋಟೋ, ಊಟದ ಪಂಕ್ತಿಯದು. ಮುಂದೆ ಸಾರಿನ ಬಕೆಟ್ಟು, ಬಡಿಸುವವನ ಮೊಣಕೈ. ಅದರ ಸಂದಿಯಲ್ಲಿ ಅಜ್ಜ. ಎಲೆ ಮುಂದೆ ಕೂತು, ಬಲಗೈ ಎತ್ತಿ, ಬಾಯಿ ತೆರೆದಿದ್ದಾನೆ. ಶ್ಲೋಕ ಹೇಳ್ತಾ ಇದ್ದ. ನಮ್ಮ ಕಡೆ ಯಾವ ಮದುವೆ, ಮುಂಜಿ ಇದ್ದರೂ ಪಂಕ್ತಿಯಲ್ಲಿ ಮೊದಲ ಶ್ಲೋಕ ಅವನದ್ದೇ. ಮುಂದಿನ ಮಳೆಗಾಲಕ್ಕೆ ಅಜ್ಜ ಹೋದ. ಇಡೀ ಆಲ್ಬಂನಲ್ಲಿ ಅವನು ಇರುವುದು ಅಲ್ಲೊಂದೇ ಕಡೆ.

ಹಾಗಾಗಿ ನನ್ನ ಮದುವೆ ನಿಶ್ಚಯವಾದಾಗ ಸೀರೆ, ಒಡವೆ, ಹಾಲ್ ಯಾವುದಕ್ಕೂ ತಲೆ ಹಾಕಲಿಲ್ಲ. "ಫೋಟೋದವರನ್ನ ಮಾತ್ರ ನಾನೇ ಹುಡುಕ್ತೀನಿ" ಅಂದೆ. ಅಪ್ಪಯ್ಯನಿಗೆ ಒಂದು ಕೆಲಸ ಕಮ್ಮಿಯಾದ ಖುಷಿ.

ಮದುವೆ ಇರುವುದು ಫಾಲ್ಗುಣದಲ್ಲಿ. ಧನುರ್ಮಾಸ ಕಳೆದ ಮೇಲೆ ಸಿಗುವ ಒಳ್ಳೆ ಮುಹೂರ್ತಗಳು ಕೆಲವೇ ಕೆಲವು. ಅಡುಗೆಯವರು, ವಾಲಗದವರು, ಭಟ್ಟರು, ಫೋಟೋದವರು ಎಲ್ಲರಿಗೂ ಅದೇ ದಿನಗಳು ಬೇಕು. ಐದು ತಿಂಗಳು ಮುಂಚೆ ಫೋನ್ ಮಾಡಿದರೂ ಮೂವರು "ಆ ಡೇಟು ಹೋಯ್ತಲ್ಲಾ" ಅಂದರು. ನಿಮ್ಮನೆಯಲ್ಲೂ ಮದುವೆ ಇದ್ದರೆ ಹಾಲ್ ಬುಕ್ ಮಾಡಿದ ದಿನವೇ ಫೋಟೋದವರಿಗೂ ಒಂದು ಫೋನ್ ಮಾಡಿಬಿಡಿ.

ಮೊದಲು ಮಾತಾಡಿದ್ದು ಬೆಂಗಳೂರಿನ ಒಂದು ತಂಡದ ಜೊತೆ. ಎರಡು ದಿನಕ್ಕೆ 1,90,000 ರೂಪಾಯಿ. ಡ್ರೋನ್‌ಗೆ ಬೇರೆ, ಊಟ-ವಸತಿ ನಮ್ಮದು. ಫೋಟೋಗಳು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಮಸುಕು ಮಸುಕಾದ ದೀಪ, ಮುಂದೆ ನಗುವ ಹುಡುಗಿ. "ಒಂದೇ ಮದುವೆಯ ಫೋಟೋಗಳನ್ನ ಪೂರ್ತಿ ತೋರಿಸ್ತೀರಾ? ಆರಿಸಿದ್ದು ಬೇಡ, ಅವರಿಗೆ ಕೊಟ್ಟಿದ್ದು ಎಲ್ಲಾ" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಕಾಣುವುದು ಐವತ್ತು ಮದುವೆಗಳಿಂದ ಆರಿಸಿದ ಐವತ್ತು ಫೋಟೋ. ನಮಗೆ ಬೇಕಾದ್ದು ಒಂದೇ ಮದುವೆಯ ಐನೂರು, ಅಲ್ವಾ? ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. "ಧಾರೆ ಹೊತ್ತಲ್ಲಿ ಆ್ಯಂಗಲ್ ಸರಿ ಬರ್ಲಿಲ್ಲ ಅಂದ್ರೆ ಪುರೋಹಿತರಿಗೆ ಹೇಳಿ ಇನ್ನೊಂದ್ಸಲ ಮಾಡಿಸ್ತೀವಿ, ಡೋಂಟ್ ವರಿ." ನಮ್ಮ ಭಟ್ಟರು ಹುಡುಗಿಯ ಅಪ್ಪ ಕೆಮ್ಮಿದರೂ ಗದರುವವರು. ಆ ಮಾತುಕತೆಯನ್ನು ಅಲ್ಲಿಗೇ ಮುಗಿಸಿದೆ.

ಎರಡನೆಯದು ಪೇಟೆಯ ಒಂದು ಸ್ಟುಡಿಯೋ. 55,000ಕ್ಕೆ ಎಲ್ಲಾ ಸೇರಿ. ಆಲ್ಬಂ ತೋರಿಸಿದರು. ಹಂಸಗಳು ಇನ್ನೂ ಹಾಗೇ ಇವೆ. "ನನಗೆ ಹಂಸ ಬೇಡ" ಅಂದೆ. "ಅದಕ್ಕೇನೂ ದುಡ್ಡಿಲ್ಲ ಅಕ್ಕಾ, ಫ್ರೀ" ಅಂದ ಹುಡುಗ.

ಮೂರನೆಯವರು ಸಿಕ್ಕಿದ್ದು ಚಿಕ್ಕಮ್ಮನ ಕಡೆಯಿಂದ. ನಲವತ್ತರ ಆಸುಪಾಸಿನವರು, ಮನೆಯ ಜಗುಲಿಯೇ ಆಫೀಸು. ನಾನು ಕೇಳಿದ್ದಕ್ಕೆ ಏನೂ ಹೇಳದೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಟ್ಟು, ಹಿಂದಿನ ವರ್ಷದ ಒಂದು ಮದುವೆ ತೆರೆದುಕೊಟ್ಟು, ಕಾಫಿ ತರಲು ಒಳಗೆ ಹೋದರು. ಒಟ್ಟು 1,140 ಫೋಟೋ. ಒಂದೊಂದೇ ನೋಡುತ್ತಾ ಹೋದೆ. ಕೆಲವು ಸುಮಾರಾಗಿದ್ದವು. ಒಂದೆರಡರಲ್ಲಿ ಹುಡುಗನ ಕಣ್ಣು ಅರ್ಧ ಮುಚ್ಚಿತ್ತು. ಆದರೆ ಅಂತರಪಟ ಸರಿಯುವ ಹೊತ್ತಿಗೆ ಹುಡುಗಿ ಕಡೆ ಒಬ್ಬರು, ಹುಡುಗನ ಕಡೆ ಒಬ್ಬರು ನಿಂತಿದ್ದಾರೆ ಅಂತ ಫೋಟೋ ನೋಡಿದರೇ ಗೊತ್ತಾಗುತ್ತಿತ್ತು. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ನಿಲ್ಲಲು ಸಾಧ್ಯ.

ಏಳುನೂರು ದಾಟಿದ ಮೇಲೆ ಪಂಕ್ತಿ ಬಂತು. ಹನ್ನೊಂದು ಫೋಟೋ! ಒಂದರಲ್ಲಿ ಒಬ್ಬರು ಅಜ್ಜಿ ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಕಣ್ಣು ಅಗಲ ಮಾಡಿ, ಬಡಿಸುವವನನ್ನು ಹೆದರಿಸುತ್ತಿದ್ದಾರೆ.

"ಇವರ್ಯಾರು?" ಅಂದೆ.

"ಯಾರೋ ಗೊತ್ತಿಲ್ಲ. ಹೋಳಿಗೆ ಬೇಡ್ವೇ ಬೇಡ ಅಂತ ಗಲಾಟೆ ಮಾಡ್ತಿದ್ರು. ಅದು ಅವರಿಗೆ ನಾಲ್ಕನೇದು."

ಬೇರೆಯವರ ಆಲ್ಬಂನಲ್ಲಿ ಪಂಕ್ತಿ ಯಾಕೆ ಇರುವುದಿಲ್ಲ ಅಂತ ಅವರೇ ಹೇಳಿದರು. ಮೊದಲ ಪಂಕ್ತಿ ಕೂರುವ ಹೊತ್ತಿಗೆ ವೇದಿಕೆಯಲ್ಲಿ ಗಿಫ್ಟ್ ಕೊಡುವವರ ಸಾಲು. ಒಬ್ಬರೇ ಇದ್ದರೆ ಅಲ್ಲಿಂದ ಅಲ್ಲಾಡುವ ಹಾಗಿಲ್ಲ. ಇಬ್ಬರಿದ್ದರೆ ಒಬ್ಬರು ಊಟಕ್ಕೆ ಹೋಗುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದಿರುತ್ತಾರೆ, ಪಾಪ. "ನಾನು ಕೊನೇ ಪಂಕ್ತೀಲಿ ಕೂರ್ತೀನಿ. ನಂಗೆ ಪಾಯಸ ಎತ್ತಿಟ್ಟಿರಿ, ಅಷ್ಟೇ." ಇದನ್ನೂ ಬರೆದುಕೊಂಡೆ.

85,000ಕ್ಕೆ ಒಪ್ಪಿಗೆಯಾಯಿತು. ಮೂರು ಜನ, ಎರಡು ದಿನ. ಬಾಯಿಮಾತಲ್ಲ, ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಅಪ್ಪಯ್ಯನಿಗೆ ಇದು ಸ್ವಲ್ಪ ಮುಜುಗರ. ಆದರೆ ನನ್ನ ಗೆಳತಿಯೊಬ್ಬಳ ಮದುವೆಯಲ್ಲಿ ಮಾತಾಡಿದ್ದು ಒಬ್ಬರ ಹತ್ತಿರ, ಬಂದಿದ್ದು ಇನ್ಯಾರೋ ಇಬ್ಬರು ಹುಡುಗರು. ಆಮೇಲೆ ಮೆಮೊರಿ ಕಾರ್ಡ್ ಕೆಟ್ಟು ಅರಿಶಿನ ಶಾಸ್ತ್ರದ ಒಂದು ಫೋಟೋನೂ ಸಿಗಲಿಲ್ಲ. ಅದಕ್ಕೇ ಖುದ್ದು ಅವರೇ ಬರಬೇಕು, ಕ್ಯಾಮೆರಾ ಒಂದೇ ಸಲಕ್ಕೆ ಎರಡು ಕಾರ್ಡಿಗೆ ಬರೆಯುವಂಥದ್ದಿರಬೇಕು, ಆ ರಾತ್ರಿಯೇ ಇನ್ನೊಂದು ಕಡೆ ಕಾಪಿ ಆಗಬೇಕು ಅಂತ ಬರೆಸಿದೆ. ಕೊನೆಯ ಸಾಲು ನನ್ನದೇ: ಯಾರನ್ನೂ ಬೆಳ್ಳಗೆ ಮಾಡಬಾರದು. ಅವರು ನಕ್ಕು ಸಹಿ ಹಾಕಿದರು. ಆಲ್ಬಂ ತಡವಾದರೆ ಅಂತ ಕೇಳಿದ್ದಕ್ಕೆ, "ನೀವು ಫೋಟೋ ಆರಿಸಿಕೊಟ್ಟ ಮೇಲೆ ಒಂದು ತಿಂಗಳು. ಆದ್ರೆ ಜನ ಆರಿಸೋದಕ್ಕೇ ವರ್ಷ ಮಾಡ್ತಾರೆ" ಅಂದರು. ನಮ್ಮಕ್ಕ ಎಂಟು ತಿಂಗಳು ತಗೊಂಡಿದ್ದು ನೆನಪಾಗಿ ಸುಮ್ಮನಾದೆ.

ನಿಶ್ಚಿತಾರ್ಥ ನವೆಂಬರ್ ಕೊನೆಯ ಭಾನುವಾರ, ನಮ್ಮನೆಯಲ್ಲೇ. ಅದನ್ನೂ ಅವರಿಗೇ ಕೊಟ್ಟೆವು. ಮದುವೆಗೆ ಮುಂಚೆ ಇದೊಂದು ಪರೀಕ್ಷೆ, ನಮಗೂ ಅವರಿಗೂ. ಮಾರನೇ ದಿನ ಬೆಳಿಗ್ಗೆ ನಮ್ಮಿಬ್ಬರ ಫೋಟೋ ಅಂತ ಮಾತಾಯಿತು. ಮದರಂಗಿ ಹಾಕಿಸಿಕೊಂಡಿದ್ದು ಶನಿವಾರ ಸಂಜೆ. ಅದರ ಬಣ್ಣ ಏರಲು ಒಂದೆರಡು ದಿನ ಬೇಕು, ಹಾಗಾಗಿ ಸೋಮವಾರಕ್ಕೆ ಕೈ ಕಡುಗೆಂಪಾಗಿತ್ತು.

ಬಟ್ಟೆ ವಿಷಯದಲ್ಲಿ ಅವರು ಹೇಳಿದ್ದು ಕಡಿಮೆ, ಆದರೆ ಕೆಲಸಕ್ಕೆ ಬಂತು. ತೋಟದಲ್ಲಿ ಹಸಿರು ಸೀರೆ ಬೇಡ, ಎಲೆಗಳಲ್ಲೇ ಕಳೆದುಹೋಗ್ತೀರಿ. ಸಣ್ಣ ಸಣ್ಣ ಗೆರೆಯ ಶರ್ಟು ಬೇಡ, ಸ್ಕ್ರೀನ್ ಮೇಲೆ ಆ ಗೆರೆಗಳು ಹರಿದಾಡಿದ ಹಾಗೆ ಕಾಣುತ್ತವೆ. ಪೌಡರ್ ಕಮ್ಮಿ, ಫ್ಲ್ಯಾಶ್ ಬಿದ್ದರೆ ಬೂದಿ ಬಳಿದ ಹಾಗೆ ಬರುತ್ತದೆ. ನಾನು ಆರಿಸಿದ್ದು ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದ ಹತ್ತಿ ಸೀರೆ, ಚೊಗರಿನ ಬಣ್ಣದ್ದು. ಚೊಗರು ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಅಮ್ಮನಿಗೆ ಸಿಟ್ಟು. "ರೇಷ್ಮೆ ಇಟ್ಕೊಂಡು ಇದನ್ನ ಉಡ್ತೀಯಾ ಮಾರಾಯ್ತಿ?"

ನಮ್ಮ ಮಾಣಿಯ, ಅಂದರೆ ನಾನು ಮದುವೆಯಾಗುವ ಹುಡುಗನ ಸಮಸ್ಯೆ ಕನ್ನಡಕ. ಗಾಜು ತೆಗೆದು ಬರೀ ಫ್ರೇಮ್ ಹಾಕಿಕೊಳ್ಳಿ ಅಂತ ಯಾರೋ ಅವನಿಗೆ ಸಲಹೆ ಕೊಟ್ಟಿದ್ದರು. "ಆಗ ನೀನು ಎಲ್ಲಿದ್ದೀಯ ಅಂತಾನೇ ಕಾಣ್ಸಲ್ಲ ನಂಗೆ" ಅಂದ. ಫೋಟೋದವರು ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಚೂರು ಮೇಲೆತ್ತಿದರು, ಅಷ್ಟೇ. ಗಾಜು ಸ್ವಲ್ಪ ಕೆಳಗೆ ಬಾಗಿತು, ಹೊಳಪು ಹೋಯಿತು.

ಬೆಳಿಗ್ಗೆ ಏಳಕ್ಕೇ ಇಕ್ಕೇರಿಗೆ ಹೋದೆವು. ಅಘೋರೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯದು. ಟ್ರೈಪಾಡ್ ಇಡಬೇಕಂದರೆ ಮೊದಲೇ ಅನುಮತಿ ಬೇಕು, ಅದನ್ನು ನಾವು ಮಾಡಿಸಿರಲಿಲ್ಲ. ಸುಮ್ನೆ ಕೈಯಲ್ಲಿ ಒಂದು ಕ್ಯಾಮೆರಾ ಹಿಡಿದು, ನಂದಿಮಂಟಪದ ಹೊರಗೆ ನಾಲ್ಕು ಫೋಟೋ ತೆಗೆದು, ಒಳಗೆ ಹೋಗಿ ಕೈ ಮುಗಿದೆವು. ಒಳಗೆ ನೆಲದ ಮೇಲೆ ಸಾಷ್ಟಾಂಗ ಬಿದ್ದಿರುವ ಕೆಳದಿ ಅರಸರ ಉಬ್ಬುಚಿತ್ರಗಳಿವೆ, ಹೆಸರು ಸಮೇತ. ಅವರಿಗೂ ಫೋಟೋ ತೆಗೆಸಿಕೊಳ್ಳುವ ಆಸೆ ಇತ್ತೇನೋ.

ನಿಜವಾದ ಕೆಲಸ ಆಗಿದ್ದು ಮನೆಗೆ ವಾಪಸ್ ಬಂದ ಮೇಲೆ. ಅಡಿಕೆ ತೋಟ ಕಣ್ಣಿಗೆ ಎಷ್ಟು ಚೆಂದವೋ ಕ್ಯಾಮೆರಾಕ್ಕೆ ಅಷ್ಟೇ ಕಷ್ಟ. ಬಿಸಿಲು ಸೋಗೆಗಳ ಸಂದಿಯಿಂದ ಬಿದ್ದು ಮುಖದ ಮೇಲೆ ಬಿಳಿ ಮಚ್ಚೆ ಮಚ್ಚೆಯಾಗುತ್ತದೆ. ಕೆಳಗಿನ ಹಸಿರು ಗಲ್ಲಕ್ಕೆ ಬಡಿದು ಕಾಮಾಲೆ ಬಂದವರ ಹಾಗೆ ಕಾಣುತ್ತೇವೆ. ಅದಕ್ಕೇ ನಮ್ಮನ್ನು ತೋಟದ ಅಂಚಿಗೆ, ಹಳ್ಳದ ಸಂಕದ (ಕಾಲುಸೇತುವೆಯ) ಮೇಲೆ ನಿಲ್ಲಿಸಿದರು. ಅಲ್ಲಿಗೆ ಬಿಸಿಲು ಇನ್ನೂ ಬಿದ್ದಿರಲಿಲ್ಲ. ಅಡಿಕೆ ಮರದ ಸಂಕ, ರಾತ್ರಿಯ ಇಬ್ಬನಿಗೆ ಒದ್ದೆ. "ಒಬ್ಬರನ್ನೊಬ್ಬರು ನೋಡಿ" ಅಂದರು. ಮಾಣಿ ನನ್ನನ್ನು ನೋಡಿದ, ಕಾಲು ನೋಡಲಿಲ್ಲ. ಒಂದು ಕಾಲು ಮೊಣಕಾಲವರೆಗೆ ಹಳ್ಳದಲ್ಲಿ. ಆ ಸರಣಿಯಲ್ಲಿ ಒಂಬತ್ತು ಫೋಟೋ ಇವೆ. ಅದಕ್ಕೂ ಮುಂಚಿನ ಯಾವ ಫೋಟೋದಲ್ಲೂ ಅವನು ಸರಿಯಾಗಿ ನಕ್ಕಿಲ್ಲ.

ಪಂಚೆ ಬದಲಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಕೊಯ್ಲಿನ ಸಮಯ, ಮದುವೆ ಅಂತ ಅಡಿಕೆ ಕಾಯುವುದಿಲ್ಲ. ಹಬೆ ಮೇಲೆದ್ದು ಓರೆ ಬಿಸಿಲಿಗೆ ತಾಗುತ್ತಿತ್ತು. ಫೋಟೋದವರು ಅದನ್ನು ನೋಡಿ ನಮ್ಮನ್ನು ಮರೆತೇಬಿಟ್ಟರು. ಬೇಯಿಸಿದ ಅಡಿಕೆ ತೋಡುವಾಗ ಚೊಗರು ಸಿಡಿದು ಮಾಣಿಯ ಹೊಸ ಬಿಳಿ ಪಂಚೆ ಮೇಲೆ ಐದಾರು ಕೆಂಪು ಹನಿ. ಅದು ಹೋಗುವ ಕಲೆಯಲ್ಲ. ನನ್ನ ಸೀರೆ ಮೇಲೂ ಬಿದ್ದಿರಬೇಕು, ಎಲ್ಲಿ ಅಂತ ಹುಡುಕಿದರೂ ಸಿಗಲಿಲ್ಲ. ಅಮ್ಮ ಆಮೇಲೆ ರೇಷ್ಮೆಯ ಮಾತೆತ್ತಲಿಲ್ಲ.

ಜಗುಲಿಯ ತುದಿಯಲ್ಲಿ ಅಜ್ಜಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದಳು. ನಮ್ಮ ಕಡೆ ನೋಡಿಯೂ ಇರಲಿಲ್ಲ. ನಾವಿಬ್ಬರೂ ಕೈ ಹಿಡಿದು ನಡೆದು ಬರಬೇಕು, ಅದು ಕೊನೆಯ ಫೋಟೋ. ಮಾಣಿ ಕ್ಯಾಮೆರಾ ನೋಡುತ್ತಾ ಸೀದಾ ಒಣಹಾಕಿದ ಅಡಿಕೆ ಮೇಲೆ ಕಾಲಿಟ್ಟ.

"ಕೂಸೇ! ಅಡಿಕೆ ಮೆಟ್ಟಡ ಹೇಳೇ ಆ ಮಾಣಿಗೆ!"

ಮೊನ್ನೆ ಫೋಟೋಗಳು ಬಂದವು. 312. ಮನೆಯಲ್ಲಿ ಎಲ್ಲರೂ ಕೂತು ನೋಡಿ, ಗೋಡೆಗೆ ಹಾಕಲು ಒಂದನ್ನು ಆರಿಸಿದೆವು. ಅದರಲ್ಲಿ ನಾನು, ಮಾಣಿ ಹಿಂದೆ ಎಲ್ಲೋ ಮಸುಕಾಗಿದ್ದೇವೆ. ಮುಂದೆ ಅಜ್ಜಿ. ಒಂದು ಕೈಯಲ್ಲಿ ಅಡಿಕೆ, ಇನ್ನೊಂದು ಕೈ ಮೇಲೆತ್ತಿ, ಬಾಯಿ ಇಷ್ಟಗಲ ತೆರೆದಿದ್ದಾಳೆ.

ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

"ಬಾಯಿ ಮುಚ್ಚಿದ್ದು ಒಂದೂ ಇಲ್ಯನೇ?" ಅಂದಳು.

ಇದ್ದವು, ಎರಡು. ಇಲ್ಲ ಅಂದೆ.