ಪಣಂಬೂರಿಗೆ ಹೋಗುವ ಮೊದಲು ಹಳೇ ಬಂದರನ್ನು ನೋಡಿ

ನಮ್ಮ ಸಕಲೇಶಪುರದ ಕಡೆಯವರಿಗೆ ಕಡಲು ಅಂದರೆ ಮಂಗಳೂರು. ಬೆಳಿಗ್ಗೆ ಶಿರಾಡಿ ಘಾಟಿ ಇಳಿದು, ಪಣಂಬೂರಿನಲ್ಲಿ ಮಕ್ಕಳನ್ನು ನೀರಿಗೆ ಬಿಟ್ಟು, ಗಡ್‌ಬಡ್ ಐಸ್‌ಕ್ರೀಮ್ ತಿಂದು, ಕತ್ತಲಾಗುವ ಮೊದಲೇ ಘಾಟಿ ಹತ್ತಿಬಿಡುತ್ತಾರೆ. ನನಗಿದು ನಿಜಕ್ಕೂ ಬೇಜಾರು. ಆ ಊರಿಗೂ ನಮಗೂ ಇರುವ ನಂಟು ಅಷ್ಟು ಸಣ್ಣದಲ್ಲ.

ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಹೆಂಚು ಕೈಯಾಡಿಸುವಾಗ ಒಂದನ್ನು ಬೋರಲು ಹಾಕಿ ಪಾಚಿ ಕೆರೆದೆ. ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಹೆಸರು, ಕೆಳಗೆ 1865. ಅದು ಹೆಂಚು ಸುಟ್ಟ ವರ್ಷವಲ್ಲ, ಮಿಶನ್ನಿನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಮಣ್ಣು ನೇತ್ರಾವತಿ, ಫಲ್ಗುಣಿ ನದಿಗಳ ದಡದ್ದು. ನಮ್ಮ ಘಾಟಿಯ ಕೆಂಪುಹೊಳೆಯ ನೀರೂ ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನೇ ಸೇರುತ್ತದೆ. ಇಲ್ಲಿ ಸುರಿದ ಮಳೆ ಕೊಚ್ಚಿಕೊಂಡು ಹೋದ ಮಣ್ಣು ಹೆಂಚಾಗಿ ನಮ್ಮ ಸೂರಿಗೇ ಬಂದಿರಬಹುದು ಅಂದುಕೊಂಡರೆ ನನಗೆ ಈಗಲೂ ರೋಮಾಂಚನ.

ನೇತ್ರಾವತಿ, ಫಲ್ಗುಣಿ ಕೂಡುವ ಜಾಗವಾದ್ದರಿಂದಲೇ ಮಂಗಳೂರನ್ನು ತುಳುವಿನಲ್ಲಿ ಕುಡ್ಲ ಅನ್ನುತ್ತಾರಂತೆ. ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಮಂಗಳೂರು ಅನ್ನೋದು ಬೋಳಾರದ ಮಂಗಳಾದೇವಿಯಿಂದ ಬಂದದ್ದು ಅನ್ನುವುದು ಊರವರ ನಂಬಿಕೆ.

ಹೋದವರು ದಯವಿಟ್ಟು ಹಳೇ ಬಂದರಿಗೆ ಕಾಲಿಡಿ. ಲಕ್ಷದ್ವೀಪಕ್ಕೆ ಸರಕು ಹೊತ್ತು ಹೊರಡುವ ಮಂಜಿಗಳು, ಅಂದರೆ ಮರದ ಹಡಗುಗಳು, ಅಲ್ಲಿ ನಿಂತಿರುತ್ತವೆ. ನಾನು ಹೋದಾಗ ಒಂದು ಮಂಜಿಗೆ ಸಿಮೆಂಟು, ಜಲ್ಲಿ, ಈರುಳ್ಳಿ ಮೂಟೆ ತುಂಬುತ್ತಿದ್ದರು. ಮೂಟೆ ಹೊತ್ತವರು ಕಿರಿದಾದ ಹಲಗೆ ಮೇಲೆ ಓಡಿದ ಹಾಗೇ ಹೋಗುತ್ತಿದ್ದರು, ಹಲಗೆ ಬಾಗುತ್ತಿತ್ತು, ಅವರ ಕಾಲು ಮಾತ್ರ ತಪ್ಪುತ್ತಿರಲಿಲ್ಲ. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದಿಳಿದ ಊರು ಇದು. ದೊಡ್ಡ ಹಡಗುಗಳೆಲ್ಲ 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದವು. ಮಂಜಿ ಇಲ್ಲೇ ಉಳಿಯಿತು.

ಸಮಯ ಇದ್ದರೆ ಕದ್ರಿಗೂ ಹೋಗಿ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ 968ನೇ ಇಸವಿಯದು, ಈ ಕರಾವಳಿಯನ್ನು ಆಳಿದ ಆಳುಪ ಅರಸರ ಕಾಲದ್ದು. ಮಕ್ಕಳು ಕಡಲು ಬೇಕೆಂದು ಹಟ ಹಿಡಿದರೆ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋಗಿ. ಫಲ್ಗುಣಿಯೊಳಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಅದರ ಪಕ್ಕದಿಂದಲೇ ದೋಣಿ ಹತ್ತಿದರೆ ಆಚೆ ದಡ ತಣ್ಣೀರುಬಾವಿ. ಅಲ್ಲೂ ಅದೇ ಕಡಲು, ಮೇಲೆ ಗಾಳಿಮರದ ನೆರಳು ಬೇರೆ.