ಗುರುವಾರ ಒಂದು ಬಿಟ್ಟು

ನಮ್ಮ ಕೂಸು ಯಾವ ದಿನ ಬಂದರೂ ನನ್ನ ತಕರಾರಿಲ್ಲ, ಗುರುವಾರ ಒಂದು ಬಿಟ್ಟು. ಪುಣೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪು, ಪಂಪು ಅಂತ ಪಾಲಿಕೆಯವರು ರಿಪೇರಿಗೆ ನೀರು ಬಂದ್ ಮಾಡುವುದು ಹೆಚ್ಚಾಗಿ ಗುರುವಾರವೇ. ಮರುದಿನ ಬೆಳಿಗ್ಗೆ ಬಂದರೂ ನಳದಲ್ಲಿ ಕಿರುಬೆರಳಿನಷ್ಟು ಧಾರೆ. ಕರೆಂಟಿನವರ ರಿಪೇರಿಗೂ ಅದೇ ದಿನ ಬೇಕು. ಮನೆಯಲ್ಲೇ ಹಡೆಯುತ್ತೇನೆ ಎಂದು ಹೊರಟವಳಿಗೆ ರಾಹುಕಾಲಕ್ಕಿಂತ ಇದರ ಅಂಜಿಕೆ ಜಾಸ್ತಿ.

ನನಗೀಗ 37 ವಾರ ತುಂಬಿ ಮೂರು ದಿನ. ಕರ್ವೆನಗರ, ಲಿಫ್ಟ್ ಇಲ್ಲದ ಹಳೆ ಕಟ್ಟಡದ ಮೂರನೇ ಮಹಡಿ, ಎರಡು ಕೋಣೆ, ಐದು ವರ್ಷದ ಮಗಳು, ಗಂಡ, ಮತ್ತೆ ಧಾರವಾಡದಿಂದ ಬಂದಿಳಿದು ಅಡುಗೆಮನೆ ವಶ ಮಾಡಿಕೊಂಡಿರುವ ಅವ್ವ. ಇಷ್ಟರ ನಡುವೆ ಒಂದು ಹೆರಿಗೆಗೆ ಜಾಗ ಎಲ್ಲಿ, ಹೇಗೆ ಎಂದು ಐದು ತಿಂಗಳಿಂದ ಲೆಕ್ಕ ಹಾಕುತ್ತಿದ್ದೇವೆ.

ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಸಣ್ಣ ಉತ್ತರ. ಮೊದಲನೆಯದು ಒಂದು ಆಸ್ಪತ್ರೆಯಲ್ಲಿ ಆಯಿತು. ನಾನೂ ಮಗಳೂ ಸುಖವಾಗಿ ಮನೆಗೆ ಬಂದೆವು, ಆ ಋಣ ಇದೆ. ಆದರೆ ಒಂಬತ್ತು ತಾಸು ಮಗ್ಗುಲಾಗಲಿಕ್ಕೂ ಬಿಡದೆ ಅಂಗಾತ ಮಲಗಿಸಿದ್ದರು, ಗಂಡನನ್ನು ಬಾಗಿಲಾಚೆ ನಿಲ್ಲಿಸಿದ್ದರು, ಕೆಳಗೆ ಕೊಯ್ದದ್ದು ನನಗೆ ತಿಳಿದದ್ದು ಹೊಲಿಗೆ ಹಾಕುವಾಗ. ಇಷ್ಟು ಸಾಕು, ಈ ಬರಹ ಅದರದಲ್ಲ.

ನಮಗೆ ಸಿಕ್ಕವರನ್ನು ಸೂಲಗಿತ್ತಿ ಎನ್ನಲು ನನ್ನ ನಾಲಿಗೆಯೇ ತಡವರಿಸುತ್ತದೆ. ಆ ಶಬ್ದ ಕೇಳಿದರೆ ಇಳಕಲ್ ಸೀರೆ ಉಟ್ಟು, ಎಲೆಅಡಿಕೆ ಮೆಲ್ಲುತ್ತ ಹೊಸಿಲು ದಾಟುವ ಅಜ್ಜಿಯೇ ಕಣ್ಣಿಗೆ ಬರುವುದು. ಇವರು ನರ್ಸಿಂಗ್ ಓದಿ, ನರ್ಸ್ ಮತ್ತು ಮಿಡ್‌ವೈಫ್ ಎಂದು ಎರಡೂ ನೋಂದಣಿ ಇರುವವರು, ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿ ಹೊರಬಿದ್ದವರು. ಸ್ಕೂಟರ್ ಮೇಲೆ ಬರುತ್ತಾರೆ. ಎಲ್ಲರೂ ಕರೆಯುವ ಹಾಗೆ ನಾವೂ ‘ತಾಈ’ ಎನ್ನುತ್ತೇವೆ, ಮರಾಠಿಯ ಅಕ್ಕ. ಅವ್ವ ಬಂದ ದಿನ ನಾನು ಫೋನಿನಲ್ಲಿ ‘ಹೋ ತಾಈ, ಹೋ ತಾಈ’ ಎನ್ನುವುದನ್ನು ಕೇಳಿಸಿಕೊಂಡು, ಫೋನ್ ಇಟ್ಟ ಮೇಲೆ ಅಂದಳು: “ನಿನ್ನ ಹಡೆದಾಕಿ ಇಲ್ಲೇ ಒಲಿ ಮುಂದ ನಿಂತೇನಿ. ಅಲ್ಲ್ಯಾಕಿ ಯಾವಾಗ ತಾಯಿ ಆದ್ಲು?” ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ ಅವ್ವನಿಗೆ. ಗೊತ್ತಿದ್ದೇ ಕುಟುಕಿದ್ದು.

ಮೊದಲ ಭೇಟಿಯಲ್ಲಿ ತಾಈ ನನ್ನ ಹೊಟ್ಟೆ ಮುಟ್ಟಲಿಲ್ಲ, ಫೈಲ್ ಕೇಳಿದರು. ಹಿಂದಿನದು ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಬಿಪಿ ಅಥವಾ ಸಕ್ಕರೆ ಇದ್ದರೆ, ಕೊನೆಗೆ ಕೂಸು ತಲೆ ಕೆಳಗೆ ಮಾಡದೆ ಕೂತರೆ ತಾನು ಒಲ್ಲೆ ಎಂದು ಚಹಾ ಬರುವ ಮೊದಲೇ ಹೇಳಿ ಮುಗಿಸಿದರು. 37 ವಾರಕ್ಕೆ ಮೊದಲು ನೋವು ಬಂದರೂ ನೇರ ಆಸ್ಪತ್ರೆ. ನನ್ನ ಹಿಮೋಗ್ಲೋಬಿನ್ ಆಗ 9.8. “ಹನ್ನೊಂದು ದಾಟಿಸಿದರೆ ನಾನು ಬರುತ್ತೇನೆ” ಅಂದರು. ಕಬ್ಬಿಣದ ಗುಳಿಗೆ ನುಂಗುವುದು ದೊಡ್ಡ ಮಾತಲ್ಲ. ಅದರ ಹಿಂದೆ ಮುಂದೆ ಒಂದೊಂದು ತಾಸು ಚಹಾ ಕುಡಿಯಬಾರದು, ಚಹಾ ಇದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ದಿನಕ್ಕೆ ಐದು ಕಪ್ಪಿನವಳು ಎರಡಕ್ಕೆ ಇಳಿದೆ. ಈ ಬಸಿರಿನಲ್ಲಿ ನಾನು ಮಾಡಿದ ತಪಸ್ಸು ಅದೊಂದೇ. ಕಳೆದ ವಾರದ ರಿಪೋರ್ಟು 11.3.

ಬೆನ್ನಿಗೆ ಒಬ್ಬ ಡಾಕ್ಟರ್ ಇರಲೇಬೇಕು ಎನ್ನುವುದೂ ತಾಈ ಷರತ್ತು. ಇಬ್ಬರು ಫೈಲ್ ಮುಚ್ಚಿ ಕೈಗೆ ಕೊಟ್ಟರು. ಸಿಟ್ಟಿಲ್ಲ, ಕೆಟ್ಟು ಹೋದಾಗ ಓಡಿ ಬರುವವರ ಹೊಣೆ ಯಾರಿಗೆ ಬೇಕು. ಮೂರನೆಯವರು ಮಾತ್ರ, ಹದಿನೈದು ದಿನಕ್ಕೊಮ್ಮೆ ತಮಗೂ ತೋರಿಸಬೇಕು, ಫೈಲಿನ ಒಂದು ಪ್ರತಿ ತಮ್ಮ ಆಸ್ಪತ್ರೆಯಲ್ಲಿ ಇರಬೇಕು ಎಂದು ಒಪ್ಪಿದರು.

ಊರಿನಲ್ಲಿ ನನ್ನ ಕಾಕಾನ ಮಗಳು ಆಶಾ ಕಾರ್ಯಕರ್ತೆ. ಸುದ್ದಿ ಅವಳಿಗೆ ಮುಟ್ಟಿತು, ಫೋನ್ ಬಂತು. “ನಾವು ಬಿಸಲಾಗ ಮನಿಮನಿ ತಿರಗಿ, ಬಸರಿ ಹೆಣ್ಮಕ್ಕಳ ಕೈಕಾಲು ಹಿಡದು ದವಾಖಾನಿಗೆ ಕಳಸ್ತೀವಿ. ನೀ ಪುಣೇದಾಗ ಕುಂತು ಮನ್ಯಾಗ ಹಡೀತೀನಿ ಅಂತಿ. ಹೊರಳಿ ನೋಡಿದ್ರ ನಾಕು ದವಾಖಾನಿ ಅದಾವ ನಿನಗ, ಅದಕ್ಕ ಈ ಶೋಕಿ.” ನಾನು ಸುಮ್ಮನೆ ಕೇಳಿಸಿಕೊಂಡೆ. ಆಸ್ಪತ್ರೆಯಲ್ಲಿ ಹಡೆದರೆ ಸರ್ಕಾರ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂದದ್ದು 2005ರಲ್ಲಿ. ಅಲ್ಲಿಂದ ಇವಳಂಥವರು ತಿರುಗಿ ತಿರುಗಿಯೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದ 88.6 ಪ್ರತಿಶತ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುವಂತಾಯಿತು. ಶೋಕಿ ಅನ್ನುವ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ಅರ್ಧ ಖರೆ. ನಾಲ್ಕು ದವಾಖಾನೆ ಹತ್ತಿರ ಇಲ್ಲದಿದ್ದರೆ ತಾಈಯೂ ಬರುತ್ತಿರಲಿಲ್ಲ, ನಾನೂ ಕರೆಯುತ್ತಿರಲಿಲ್ಲ.

ಇನ್ನೊಂದು ಗುಂಪಿದೆ. ಅವರು ವಾಟ್ಸಾಪಿನಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರ ಫೋಟೋ ಕಳಿಸುತ್ತಾರೆ, ಕೆಳಗೆ ಕೈಮುಗಿದ ಚಿತ್ರ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ, 2018ರಲ್ಲಿ ಪದ್ಮಶ್ರೀ ಪಡೆದ ತಾಯಿ ಅವರು, ನಾನೂ ಕೈಮುಗಿಯುತ್ತೇನೆ. ಆದರೆ ‘ನೋಡು, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅಂತ ಮುಂದಿನ ಸಾಲು ಬರುತ್ತದಲ್ಲ, ಅದನ್ನು ಅವ್ವನಿಗೆ ಓದಿ ಹೇಳಿದಾಗ ಅವ್ವ ಮೆಂತೆಪಲ್ಯ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. “ಮನ್ಯಾಗ ಹಡದು ಎದ್ದು ಕುಂತಾಕಿ ಕತಿ ಹೇಳತಾಳ. ಹೋದಾಕಿ ಕತಿ ಯಾರು ಹೇಳಬೇಕು?” ಅಂದಳು.

ಆ ಕತೆ ಹೊರಬಂದದ್ದು 34ನೇ ವಾರದ ಭೇಟಿಯಲ್ಲಿ.

ಆ ದಿನ ತಾಈ ಗಂಡನಿಗೆ ಪಾಠ ಇಟ್ಟುಕೊಂಡಿದ್ದರು. ಹೆರಿಗೆಯಾದ ಮೇಲೆ 500 ಮಿಲಿ ಲೀಟರ್ ದಾಟಿದರೆ ಅದು ಅಪಾಯದ ರಕ್ತಸ್ರಾವ. ಓದಲಿಕ್ಕೆ ಸುಲಭ, ಹಾಸಿಗೆ ಮೇಲೆ ಕಂಡಾಗ ಅಂದಾಜು ಸಿಗುವುದಿಲ್ಲ, ಪಳಗಿದವರೂ ಕಡಿಮೆ ಎಣಿಸುತ್ತಾರಂತೆ. ಅದಕ್ಕೆ ಗಜ್ಜರಿ ಅಲ್ಲ, ಬೀಟ್‌ರೂಟ್ ಕುದಿಸಿದ ನೀರು ಬೇಕು ಅಂದಿದ್ದರು. ಹಳೆಯ ಬೆಡ್‌ಶೀಟ್ ನೆಲಕ್ಕೆ ಹಾಸಿ, ಅಳತೆ ಕಪ್ಪಿನಿಂದ ಮೊದಲು 100 ಮಿಲಿ ಸುರಿದರು, ಒಂದು ಮೂಲೆಗೆ. ಆಮೇಲೆ 250. ಆಮೇಲೆ ನಮ್ಮ ಹಿತ್ತಾಳೆ ತಂಬಿಗೆಯಲ್ಲಿ ಅರ್ಧ ಲೀಟರ್ ಅಳೆದು ನಟ್ಟನಡುವೆ. ಗಂಡ 250ರ ಕಲೆ ನೋಡಿಯೇ ಅರ್ಧ ಲೀಟರ್ ಎಂದಿದ್ದ. ನಾನು ಉಲ್ಟಾ, ಅರ್ಧ ಲೀಟರನ್ನು ಮುನ್ನೂರು ಎಂದೆ. ಹರಡಿದ ಕೆಂಪು ಬೆಡ್‌ಶೀಟಿನ ಅಂಚು ದಾಟಿ ನೆಲದ ಹೆಂಚಿಗೆ ಬಂತು. ಆಗ ಅವ್ವ ಎದ್ದು ಬಾಲ್ಕನಿಗೆ ಹೋದಳು.

ನನ್ನ ದೊಡ್ಡವ್ವ, ಅವ್ವನ ಅಕ್ಕ, ಮೂರನೇ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನವಲಗುಂದದ ಕಡೆಯ ಹಳ್ಳಿ, ಶ್ರಾವಣದ ಮಳೆ. ಅವ್ವನಿಗೆ ಆಗ ಹದಿನಾಲ್ಕು. ಕೂಸು ಗಟ್ಟಿಮುಟ್ಟಾಗಿ ಹುಟ್ಟಿತು, ಗಂಡು. ಕೂಸಿನ ಹಿಂದೆ ಬೀಳಬೇಕಾದ ಮಾಸ ಅರ್ಧ ಬಿತ್ತು, ಅರ್ಧ ಒಳಗೇ ಉಳಿಯಿತು. ಸೂಲಗಿತ್ತಿ ಹೊಟ್ಟೆ ತಿಕ್ಕಿದಳು, ಕಷಾಯ ಕುಡಿಸಿದಳು, ದೇವರಿಗೆ ಮುಡಿಪು ಕಟ್ಟಿದರು. ಬಂಡಿ ಹೂಡಿದಾಗ ಹೊತ್ತು ಮುಳುಗಿತ್ತು. ಮಳೆಯಲ್ಲಿ ಎರೆಮಣ್ಣಿನ ದಾರಿ ಎಂದರೆ ಆ ಕಡೆಯವರಿಗೆ ಗೊತ್ತು, ಗಾಲಿ ಅಚ್ಚಿನತನಕ ಹುಗಿದು ಹೋಗುತ್ತದೆ. ಊರು ದಾಟಿ ಒಂದು ಹರದಾರಿಯೂ ಹೋಗಲಿಲ್ಲ. ಇಷ್ಟು ವರ್ಷ ದೊಡ್ಡವ್ವ ‘ಬ್ಯಾನಿ ಬಂದು’ ಹೋದಳು ಅಂತಷ್ಟೇ ನಾನು ಕೇಳಿದ್ದೆ.

ಅವ್ವ ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಮರಾಠಿಗೆ ತಿರುಗಿಸುತ್ತಿದ್ದೆ, ನಡುವೆ ಎರಡು ಸಲ ನನ್ನ ಕೈಲಿ ಆಗಲಿಲ್ಲ. ತಾಈ ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಂದೇ ಪ್ರಶ್ನೆ: ಕೂಸು ಬಂದ ಮೇಲೆ ಬಂಡಿ ಹೂಡಲಿಕ್ಕೆ ಎಷ್ಟು ಹೊತ್ತು ಹಿಡಿಯಿತು? ಅವ್ವ ಯೋಚಿಸಿದಳು. ಹಾಲು ಹಿಂಡುವ ಹೊತ್ತಿಗೆ ಕೂಸು, ದನ ತಿರುಗಿ ಬರುವ ಹೊತ್ತಿಗೆ ಬಂಡಿ. ಇಡೀ ಹಗಲು.

“ಹಾಗಾದರೆ ಗಡಿಯಾರ ನಿಮ್ಮ ಕೈಯಲ್ಲಿ” ಅಂದರು ತಾಈ. ಕೂಸು ಹೊರಬಂದ ಗಳಿಗೆಯನ್ನು ಅವ್ವ ನೋಡಿ ಕೂಗಿ ಹೇಳಬೇಕು. ಅಲ್ಲಿಂದ ಅರ್ಧ ತಾಸಿನೊಳಗೆ ಮಾಸ ಬೀಳದಿದ್ದರೆ, ಇಲ್ಲವೇ ತಾಈ ಅದನ್ನು ತಟ್ಟೆಯಲ್ಲಿ ಹರವಿ ನೋಡಿ ಒಂದು ಚೂರು ಕಡಿಮೆ ಇದೆ ಎಂದರೆ, “ನಡೀರಿ” ಎನ್ನುವ ಹಕ್ಕು ಅವ್ವನದು. ನಾನು ಬೇಡ ಅಂದರೂ, ಅಳಿಯ ಇನ್ನೈದು ನಿಮಿಷ ನೋಡೋಣ ಅಂದರೂ, ಅವ್ವನ ಮಾತೇ ಕೊನೆ. ಅದನ್ನು ಕಾಗದದಲ್ಲಿ ಬರೆದು ನಾವು ನಾಲ್ವರೂ ಸಹಿ ಮಾಡಿದೆವು, ಅವ್ವ ಕನ್ನಡದಲ್ಲಿ. ಅದೇ ಹಾಳೆಯಲ್ಲಿ ಉಳಿದವೂ ಇವೆ: ಕೂಸಿನ ಎದೆಬಡಿತ ನಿಮಿಷಕ್ಕೆ 110ರ ಕೆಳಗೆ ಇಳಿದು ಏಳದಿದ್ದರೆ, ಗರ್ಭದ ನೀರು ಹಸಿರಾಗಿ ಬಂದರೆ, ನನ್ನ ಬಿಪಿ 140/90 ಮುಟ್ಟಿದರೆ. ಅಂದ ಹಾಗೆ ಆ ಎದೆಬಡಿತವನ್ನು ಹೊಟ್ಟೆ ಮೇಲಿಟ್ಟು ಕೇಳುವ ಡಾಪ್ಲರ್ ಯಂತ್ರದಲ್ಲಿ ಕೇಳಿದ ಮಗಳು ಇದು ಹಿಟ್ಟಿನ ಗಿರಣಿ ಎಂದು ತೀರ್ಪು ಕೊಟ್ಟಿದ್ದಾಳೆ. ನೋವು ಜೋರಾದ ಮೇಲೆ ಕಾಲು ತಾಸಿಗೊಮ್ಮೆ, ತಿಣುಕುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ ಆ ಗಿರಣಿ ಕೇಳಬೇಕಂತೆ.

ಅವತ್ತು ರಾತ್ರಿ ಅವ್ವ ಅಡುಗೆಮನೆಯ ಗಡಿಯಾರ ಇಳಿಸಿ, ಸೆಲ್ ಬದಲಿಸಿ, ಮಲಗುವ ಕೋಣೆಯಲ್ಲಿ ಮಂಚದ ಎದುರಿಗೆ ಮೊಳೆ ಹೊಡೆಸಿದಳು. ಮನೆಹೆರಿಗೆಗೆ ಅವ್ವ ಒಪ್ಪಿದಳೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಉಳಿದ ತಯಾರಿಯೆಲ್ಲ ಮೆಟ್ಟಿಲಿನದು. ನಮ್ಮ ತಿರುವಿನಲ್ಲಿ ಸ್ಟ್ರೆಚರ್ ಹೊರಳುವುದಿಲ್ಲ, ಟೇಪ್ ಹಿಡಿದು ನೋಡಿದೆವು. ಹಾಗಾಗಿ ಕೈಯಿರುವ ಪ್ಲಾಸ್ಟಿಕ್ ಕುರ್ಚಿ. ಕೆಳಗಿನ ಮನೆಯ ಶೆಟ್ಟರು ಕುಂದಾಪುರದವರು, ಹೋಟೆಲ್ ಇದೆ. ಅವರ ಹೋಟೆಲಿಂದಲೇ 25 ಕಿಲೋದ ಎರಡು ಅಕ್ಕಿಚೀಲ ತರಿಸಿ ಕುರ್ಚಿ ಮೇಲಿಟ್ಟು, ಅವರೂ ನನ್ನ ಗಂಡನೂ ಮೂರು ಮಹಡಿ ಇಳಿಸಿದರು. ಎರಡು ನಿಮಿಷ ನಲವತ್ತು ಸೆಕೆಂಡು. “ನಿಮ್ಮ ಹೆಂಡ್ತಿ ಐವತ್ತು ಕಿಲೋ ಇಲ್ಲ ಮಾರಾಯ್ರೆ, ಇನ್ನೊಂದು ಚೀಲ ಹಾಕಿ” ಎಂದು ಶೆಟ್ಟರು ಬೆವರು ಒರೆಸಿಕೊಂಡರು. ಮೂರನೇ ಚೀಲ ಹಾಕಿದ ಮೇಲೆ ಮೂರು ನಿಮಿಷ ಐದು ಸೆಕೆಂಡು.

ಆಸ್ಪತ್ರೆಗೆ ನಮ್ಮ ಕಾರಿನಲ್ಲಿ ರಾತ್ರಿ ಒಂಬತ್ತು ನಿಮಿಷ, ಸಂಜೆ ಏಳಕ್ಕೆ ಇಪ್ಪತ್ತಾರು. ಮೊದಲು ನದಿಯಾಚೆಯ ಆಸ್ಪತ್ರೆಯೊಂದನ್ನು ಯೋಚಿಸಿದ್ದೆವು. ಮಳೆಗಾಲದಲ್ಲಿ ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠಾ ನದಿ ಉಕ್ಕಿ ಭಿಡೆ ಸೇತುವೆ ಮುಳುಗುತ್ತದೆ, ಅಲ್ಲಿಯ ಗಾಡಿಗಳೆಲ್ಲ ಉಳಿದ ಸೇತುವೆಗಳ ಮೇಲೆ ಬೀಳುತ್ತವೆ. ತಾಈ ಆ ಹೆಸರಿಗೆ ಗೀಟು ಎಳೆದರು. ಅವ್ವನಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಫ್ರಿಜ್ಜಿನದು ಬೇರೆ ಕತೆ. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಪಿನಲ್ಲಿ ಇರಬೇಕು, 2ರಿಂದ 8 ಡಿಗ್ರಿ. ತಾಈ ತಮ್ಮ ಐಸ್ ಡಬ್ಬಿಯಲ್ಲೇ ತರುತ್ತಾರೆ, ಬಂದ ಮೇಲೆ ಇಡಲು ಒಂದು ಖಾನೆ ಖಾಲಿ ಬೇಕು, ಬಾಗಿಲಲ್ಲಿ ಅಲ್ಲ. ಇಡ್ಲಿ ಹಿಟ್ಟನ್ನು ಕೆಳಗಿಳಿಸಿದ್ದೇವೆ. ಗುರುವಾರ ಕರೆಂಟು ಹೋದರೆ ಫ್ರಿಜ್ ತೆರೆದವರ ಕೈ ಮುರಿಯಲಾಗುವುದು ಎಂದು ಗಂಡ ಚೀಟಿ ಅಂಟಿಸಿದ್ದಾನೆ. ಆಕ್ಸಿಜನ್ ಸಿಲಿಂಡರು, ಕೂಸಿಗೆ ಉಸಿರು ಕೊಡುವ ಅಂಬು ಬ್ಯಾಗು, ಸಲಾಯಿನ್ನು, ಬಳ್ಳಿಗೆ ಹಾಕುವ ಕ್ಲಿಪ್ಪು ಎಲ್ಲ ಅವರ ಚೀಲದಲ್ಲೇ ಬರುತ್ತವೆ. ನಾವು ಒದಗಿಸಬೇಕಾದದ್ದು ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಸೀರೆ, ಮಂಚಕ್ಕೆ ಪ್ಲಾಸ್ಟಿಕ್ ಹಾಳೆ, ಟಾರ್ಚು, ಬಿಸಿನೀರು. ಆಗಸ್ಟಿನಲ್ಲಿ ಬಿಸಿಲು ಎಲ್ಲಿಂದ ತರೋಣ, ಇಸ್ತ್ರಿ ಹೊಡೆದು ಕಟ್ಟಿಟ್ಟೆವು.

ಅವ್ವ ತಂದದ್ದು ಎರಡು: ಒಂದು ಡಬ್ಬಿ ಅಂಟಿನುಂಡಿ, ಒಂದು ಶಗಡಿ. ಉಂಡಿಗೆ ತಾಈ ಕೈಮುಗಿದರು, ಎರಡು ತಿಂದರು ಕೂಡ. ಶಗಡಿಗೆ ಒಪ್ಪಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಹೊಗೆ ಬಾಣಂತಿಗೂ ಕೂಸಿಗೂ ವಿಷ. ಎರಡು ದಿನ ಅವ್ವ ಮಾತು ಬಿಟ್ಟಳು. ಈಗ ಶಗಡಿ ಬಾಲ್ಕನಿಯಲ್ಲಿ ತುಳಸಿಕುಂಡದ ಕೆಳಗೆ ಕೂತಿದೆ. ಮಾಸ ಎಲ್ಲಿ ಹುಗಿಯುತ್ತೀರಿ ಎನ್ನುವುದು ಅದಕ್ಕಿಂತ ದೊಡ್ಡ ಜಗಳ. ಹಿತ್ತಲಿಲ್ಲ, ಸೊಸೈಟಿಯ ಗುಲ್‌ಮೊಹರ್ ಬುಡಕ್ಕೆ ಎಂದರೆ ಸೆಕ್ರೆಟರಿಯ ಹತ್ತಿರ ಅರ್ಜಿ ಬರೆದು ಏನೆಂದು ಕೇಳುವುದು? ಡಾಕ್ಟರ ಆಸ್ಪತ್ರೆಯಲ್ಲಿ ಇಂಥ ಕಸಕ್ಕೆಂದೇ ಇಡುವ ಹಳದಿ ಚೀಲಕ್ಕೆ ಕೊಡುವುದೆಂದು ತೀರ್ಮಾನವಾಗಿದೆ. ಅವ್ವ “ಪ್ಯಾಟಿ ಮಂದಿ” ಎಂದಷ್ಟೇ ಅಂದಳು.

ಕಾಗದಪತ್ರದ ಕೆಲಸ ಗಂಡನದು. ಆಸ್ಪತ್ರೆಯಲ್ಲಾದರೆ ಜನನ ವರದಿ ಅವರೇ ಕಳಿಸುತ್ತಾರೆ. ಮನೆಯಲ್ಲಾದರೆ 1969ರ ಕಾಯ್ದೆಯ ಪ್ರಕಾರ ಮನೆಯ ಮುಖ್ಯಸ್ಥರು 21 ದಿನದೊಳಗೆ ತಿಳಿಸಬೇಕು. ಮುಖ್ಯಸ್ಥರು ಯಾರು ಎಂದು ಅವನು ಅಡುಗೆಮನೆ ಕಡೆ ನೋಡಿ ಕೇಳಿದ. ಹುಟ್ಟಿದ ದಿನವೇ ವಿಟಮಿನ್ ಕೆ ತಾಈ ಕೊಡುತ್ತಾರೆ. ಹೆಪಟೈಟಿಸ್ ಬಿ 24 ತಾಸಿನೊಳಗೆ, ಜೊತೆಗೆ ಬಿಸಿಜಿ, ಪೋಲಿಯೋ, ಅದಕ್ಕೆ ಮಕ್ಕಳ ಡಾಕ್ಟರನ್ನು ಮಾತಾಡಿಸಿ ಇಟ್ಟಿದೆ. ಮಗಳು ಆ ಹೊತ್ತಿಗೆ ಶೆಟ್ಟರ ಮನೆಯಲ್ಲಿ. ಅಲ್ಲಿ ನೀರುದೋಸೆ ಇದೆ ಎನ್ನುವ ಕಾರಣಕ್ಕೆ ನೋವು ಯಾವಾಗ ಶುರು ಎಂದು ಅವಳು ದಿನವೂ ಕೇಳುತ್ತಾಳೆ.

ಇವತ್ತು ಬುಧವಾರ. ಪಾಲಿಕೆಯ ಪ್ರಕಟಣೆ ಬೆಳಿಗ್ಗೆಯೇ ಬಂತು: ನಾಳೆ ಇಡೀ ದಿನ ನೀರಿಲ್ಲ. ಎರಡು ಡ್ರಮ್ಮು, ಹಂಡೆ, ನಾಲ್ಕು ಬಕೆಟ್, ಮಗಳ ಸ್ನಾನದ ಟಬ್ಬು ಎಲ್ಲ ತುಂಬಿದೆ. ಇನ್ವರ್ಟರ್ ಚಾರ್ಜಿಗೆ ಹಾಕಿದೆ. ಅವ್ವ ಫೋನ್ ಹಿಡಿದು ಗಡಿಯಾರದ ಮುಳ್ಳು ಸರಿ ಮಾಡುತ್ತಿದ್ದಾಳೆ, ನಾಲ್ಕು ನಿಮಿಷ ಮುಂದಿತ್ತಂತೆ. ನನಗೆ ಮಧ್ಯಾಹ್ನದಿಂದ ಸೊಂಟ ಹಿಡಿದ ಹಾಗಿದೆ. ಡ್ರಮ್ಮಿನ ಮುಚ್ಚಳ ಎತ್ತಿದ್ದಕ್ಕೇ ಇರಬೇಕು.