ಎಲ್ಬೋ ರಿಗ್, ಕಾರವಾರ: ಬಿರುಕು ಬಿಡುವುದು ಪಕ್ಕೆಯಲ್ಲಿ

ಪೈಪಿನ ತಿರುವಿನ ತುಂಡಾದ ಎಲ್ಬೋವನ್ನು ಬಿರುಕು ಬಿಡುವವರೆಗೆ ಬಗ್ಗಿಸಿ ಪರೀಕ್ಷಿಸುವ, ಬೈತಖೋಲದ ಶೆಡ್ಡಿನಲ್ಲಿರುವ ರಿಗ್ ಈಗ ಎರಡೂ ದಿಕ್ಕಿಗೆ ದುಡಿಯುತ್ತಿದೆ. ಮಾದರಿ 2 ಇಂಚಿನ, ಸ್ಕೆಡ್ಯೂಲ್ 10ರ (ಗೋಡೆಯ ದಪ್ಪದ ದರ್ಜೆ), 90 ಡಿಗ್ರಿ ಲಾಂಗ್ ರೇಡಿಯಸ್ (ದೊಡ್ಡ ಬಾಗಿನ) ಎಲ್ಬೋ, ಕಾರ್ಬನ್ ಸ್ಟೀಲು. ಹೊರವ್ಯಾಸ 60.3 ಮಿ.ಮೀ., ಗೋಡೆ 2.77, ಬಾಗಿನ ತ್ರಿಜ್ಯ 76.2. ಎರಡೂ ಬಾಯಿಗೆ 400 ಮಿ.ಮೀ. ನೇರ ಪೈಪು ಬೆಸೆದು, ತುದಿಗೆ ಮುಚ್ಚಳ ಮತ್ತು ಪಿನ್ನು ಕೊಟ್ಟಿದೆ. ಆ ಎರಡು ಪಿನ್ನುಗಳ ನಡುವೆ ಡಬಲ್ ಆಕ್ಟಿಂಗ್ ಸಿಲಿಂಡರು. ಲಾರಿ ಜಾಕಿ ತಳ್ಳುತ್ತದೆ, ಎಳೆಯುವುದಿಲ್ಲ; ಇಲ್ಲಿ ಎರಡೂ ಬೇಕು.

ನೇರ ಪೈಪಿನ ಉದ್ದದಲ್ಲಿ ಜಿಪುಣತನ ಮಾಡಬಾರದು. ಎಲ್ಬೋ ಸಲೀಸಾಗಿ ಬಗ್ಗುವುದೇ ಅದರ ದುಂಡು ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುವುದರಿಂದ. ಗೋಡೆಯ ದಪ್ಪ ಗುಣಿಸು ಬಾಗಿನ ತ್ರಿಜ್ಯ, ಭಾಗಿಸು ಪೈಪಿನ ಸರಾಸರಿ ತ್ರಿಜ್ಯದ ವರ್ಗ: ಇಲ್ಲಿ 0.255. 1.65ನ್ನು ಇದರಿಂದ ಭಾಗಿಸಿದರೆ 6.5, ಅಂದರೆ ಅಷ್ಟೇ ಉದ್ದದ ನೇರ ಪೈಪಿಗಿಂತ ಆರೂವರೆ ಪಟ್ಟು ಮೆತ್ತಗೆ. ಎಲ್ಬೋ ಬಾಯಿಗೇ ಎರಡೂ ಕಡೆ ಫ್ಲೇಂಜ್ (ಬೋಲ್ಟು ಹಾಕುವ ದಪ್ಪ ಬಳೆ) ಕೂರಿಸಿದರೆ ಮೊಟ್ಟೆಯಾಗಲು ಬಿಡದ ಕಾರಣ ಇದು 4.1ಕ್ಕೆ ಇಳಿಯುತ್ತದೆ. ಮುಂದಿನ ಮಾದರಿ ಅದೇ.

ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಕಾರವಾರ 3ನೇ ವಲಯ, ವಲಯದ ಗುಣಾಂಕ 0.16. ರಿಗ್ ಆ ಕಂಪನವನ್ನೇನೂ ಅನುಕರಿಸುವುದಿಲ್ಲ. ಟ್ಯಾಂಕು ಒಂದು ಕಡೆ, ಪೈಪ್‌ರ‍್ಯಾಕು ಇನ್ನೊಂದು ಕಡೆ ಸರಿದಾಗ ನಡುವಿನ ಎಲ್ಬೋ ಪಡುವ ಪಾಡನ್ನು ನಿಧಾನಕ್ಕೆ ಮಾಡಿ ನೋಡುತ್ತದೆ, ಅಷ್ಟೇ.

ಒಳಗೆ 50 ಬಾರ್ ನೀರು. ಗಾಳಿ ಸುತರಾಂ ಬೇಡ; ಒಡೆದರೆ ಬಾಂಬು. ತುಂಬುವಾಗ ಮೇಲಿನ ತುದಿಯ ವೆಂಟ್‌ನಿಂದ ಗುಳ್ಳೆ ಪೂರ್ತಿ ಹೋಗಬೇಕು. ಬಾಯಿ ಮೊಟ್ಟೆಯಾದಂತೆ ಒಳಗಿನ ಜಾಗವೂ ಬದಲಾಗಿ ಒತ್ತಡದ ಗೇಜಿನ ಮುಳ್ಳು ಪ್ರತಿ ಸುತ್ತಿಗೂ ಕುಣಿಯುತ್ತದೆ, ಹಾಗಾಗಿ ಆ ಏರಿಳಿತ ನುಂಗುವ ಒಂದು ಸಣ್ಣ ಅಕ್ಯುಮುಲೇಟರ್ ಸೇರಿಸಿದೆ. ಈ ಒತ್ತಡದ ಸುತ್ತುಕರ್ಷಣ (ಗೋಡೆಯನ್ನು ಸುತ್ತಳತೆಯುದ್ದಕ್ಕೂ ಎಳೆಯುವ ಬಿಗಿತ) 54 ಮೆಗಾಪಾಸ್ಕಲ್, ಉಕ್ಕಿನ ಕನಿಷ್ಠ ಯೀಲ್ಡ್ (ಮಣಿದು ಮರಳದ ಮಟ್ಟ) 240ರ ಕಾಲುಭಾಗವೂ ಅಲ್ಲ. ಆದರೂ ಬಾಗಿಸುವ ಸುತ್ತುಗಳ ಜೊತೆ ಸೇರಿದಾಗ ಪಕ್ಕೆ (ಹೊರಬಾಗಿಗೂ ಒಳಬಾಗಿಗೂ ನಡುವಿನ ಬದಿ) ಪ್ರತಿ ಸುತ್ತಿಗೂ ಒಂದಿಷ್ಟು ಉಬ್ಬಿ, ಹಿಂದಕ್ಕೆ ಬರುವುದೇ ಇಲ್ಲ.

ಮೊದಲ ಮಾದರಿ ನೀರು ಬಿಟ್ಟದ್ದೂ ಪಕ್ಕೆಯಲ್ಲೇ. ಹೊರಬಾಗಿನಲ್ಲಲ್ಲ, ವೆಲ್ಡಿನಲ್ಲೂ ಅಲ್ಲ. ಪೈಪಿನ ಉದ್ದಕ್ಕೆ ಸಾಗಿದ ಕೂದಲೆಳೆಯ ಬಿರುಕು. ಎಲ್ಬೋ ಮಡಿಚಿಕೊಂಡಾಗ ಪಕ್ಕೆಯ ಬಾಗು ಹರಿತಾಗುತ್ತದೆ, ಬಿಡಿಸಿಕೊಂಡಾಗ ಚಪ್ಪಟೆಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಂತೆಯೇ. ಬಿರುಕು ಒಳಮೈಯಿಂದ ಶುರುವಾಗುವುದರಿಂದ ಹೊರಗೆ ಅಂಟಿಸಿದ, ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜಿಗೆ ಅದು ತಡವಾಗಿ ಗೊತ್ತಾಗುತ್ತದೆ. ಪಕ್ಕೆಯಿಂದ ಪಕ್ಕೆಗೆ ಕ್ಯಾಲಿಪರ್ ಹಿಡಿದು ಪ್ರತಿ ಸುತ್ತಿನ ವ್ಯಾಸ ಬರೆದಿಡುವುದು ಗೇಜಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಬಲವನ್ನು ಸಿಲಿಂಡರಿನ ಆಯಿಲ್ ಗೇಜಿನಿಂದ ಓದಬಾರದು, ಸೀಲಿನ ಘರ್ಷಣೆಯೂ ಅದರಲ್ಲಿ ಸೇರಿರುತ್ತದೆ. ಕೈಲೆಕ್ಕದ ಮಿತಿಬಲ (ಎಲ್ಬೋ ಮಣಿದುಬಿಡುವ ಬಲ) 2.6 ಕಿಲೋನ್ಯೂಟನ್ ಆಸುಪಾಸು. ಉಕ್ಕು ಗಟ್ಟಿಯಾಗುತ್ತ ಏರುವುದಕ್ಕೂ ಸೇರಿಸಿ ಬಲ ಅಳೆಯಲು 1 ಟನ್ನಿನ ಲೋಡ್‌ಸೆಲ್ ಧಾರಾಳ. ಬಿಡಿಸುವ ಕಡೆಯ ಬಲ ಮಡಿಚುವ ಕಡೆಗಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಎಲ್ಬೋದ ಸ್ವಭಾವವೇ ಅದು. ಆದರೆ ಬಲ ಮತ್ತು ಸರಿದ ದೂರದ ಗ್ರಾಫು ಸೊನ್ನೆಯ ಹತ್ತಿರ ಸೊಂಟ ಕಟ್ಟಿದಂತೆ ಸಣ್ಣಗಾದರೆ ಅದು ಪಿನ್ನಿನ ಸಡಿಲ. ಸರಿದ ದೂರವನ್ನು ಸಿಲಿಂಡರಿನಿಂದ ಅಲ್ಲ, ಪೈಪಿನ ಮೇಲಿನ ಗುರುತುಗಳ ನಡುವೆಯೇ ಅಳೆಯಬೇಕು.

ಎಲ್ಲಿ ಯೀಲ್ಡ್ ಆಯಿತೆಂದು ಕಾಣಲು ಎಲ್ಬೋಗೆ ತೆಳುವಾಗಿ ಸುಣ್ಣ ಬಳಿದರೆ ಸಾಕು, ಅದರಡಿಯ ಕಪ್ಪು ಪೊರೆಯೊಂದಿಗೆ ಚಕ್ಕೆ ಏಳುತ್ತದೆ. ಆಷಾಢದ ಮಳೆಯಲ್ಲಿ ಸುಣ್ಣ ಒಣಗುವುದಿಲ್ಲ, ಗೇಜಿನ ಅಂಟಿಗೂ ತೇವ ಹಿಡಿಯುತ್ತದೆ. ಫ್ಲೇಂಜ್ ಮಾದರಿ ದಸರೆಯ ನಂತರ.